ಕಲ್ಚರ್ ರಿಪೋರ್ಟಿಗೂ ತಲಪಾಡಿ ದಾಟಲು ಬಿಡಿ

ಕೇರಳದ ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ಕರ್ನಾಟಕದ ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ.

ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಕಾಸರಗೋಡಿನವರಿಗೆ ಬೇರೆ ದಾರಿಯಿಲ್ಲ. ನಮ್ಮ ರೇಷನ್ ಕಾರ್ಡು ಒಂದು ಸರ್ಕಾರದ್ದು, ಕಾಯಿಲೆ ಜೋರಾದಾಗ ಮಲಗುವ ಐಸಿಯು ಹೆಚ್ಚಾಗಿ ಇನ್ನೊಂದು ಸರ್ಕಾರದ ಸೀಮೆಯಲ್ಲಿ. ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲಿ ಯಾರಿಗಾದರೂ ಉಸಿರು ಕಟ್ಟಿದರೆ ಆಂಬ್ಯುಲೆನ್ಸಿನವನು ಎಲ್ಲಿಗೆ ಎಂದು ಕೇಳುವುದೂ ಇಲ್ಲ, ಬಡಗು ದಿಕ್ಕಿಗೆ, ಮಂಗಳೂರಿಗೆ ತಿರುಗಿಸುತ್ತಾನೆ. ಕಣ್ಣೂರಿನ ಪರಿಯಾರಂ ಮೆಡಿಕಲ್ ಕಾಲೇಜು ದೂರ, ತಿರುವನಂತಪುರದ ಮಾತೇ ಬೇಡ.

ನಾನು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದು ನಿವೃತ್ತಳಾದವಳು. ಕಫ, ರಕ್ತ, ಮೂತ್ರ, ಕೀವು ಇವನ್ನು ಪ್ಲೇಟಿಗೆ ಹಚ್ಚಿ, ಮಾರನೆಯ ದಿನ ಏನು ಬೆಳೆದಿದೆ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಡಾಕ್ಟರಲ್ಲ, ಆದ್ದರಿಂದ ಚಿಕಿತ್ಸೆ ಹೀಗೇ ಆಗಬೇಕು ಎಂದು ಹೇಳಲು ಹೊರಟಿಲ್ಲ. ಐಸಿಯುದಲ್ಲಿರುವ ರೋಗಿಗೆ ಯಾವ ರೋಗಾಣು ಹಿಡಿದಿದೆ, ಯಾವ ಔಷಧಿಗೆ ಅದು ಬಗ್ಗುತ್ತದೆ ಎಂದು ಹೇಳುವ ಒಂದು ಕಾಗದವಿದೆ, ಕಲ್ಚರ್ ರಿಪೋರ್ಟು. ಆ ಕಾಗದ ತಲಪಾಡಿಯ ನಮ್ಮ ಗಡಿಯಲ್ಲಿ ರೋಗಿಯ ಜೊತೆ ಹೋಗುವುದಿಲ್ಲ. ನನ್ನ ದೂರು ಇಷ್ಟೇ, ಆದರೆ ಸಣ್ಣದಲ್ಲ.

ವೈರಸ್ ಜ್ವರದಿಂದ ಐಸಿಯು ಸೇರಿದವರ ಮನೆಯವರು ಕೇಳುವ ಒಂದು ಪ್ರಶ್ನೆ ಇದೆ. ನನ್ನ ಅಕ್ಕ ಕೇಳಿದ್ದು ನಮ್ಮ ಹವ್ಯಕ ಭಾಷೆಯಲ್ಲಿ: “ವೈರಸ್ ಹೋಯಿದು ಹೇಳಿ ಡಾಕ್ಟ್ರು ಹೇಳಿದವು, ಮತ್ತೆಂತಕೆ ಹೀಂಗಾತು?” ಮಲಯಾಳದಲ್ಲೂ ತುಳುವಿನಲ್ಲೂ ಬ್ಯಾರಿಯಲ್ಲೂ ಇದೇ ಪ್ರಶ್ನೆಯನ್ನು ಕೇಳಿಸಿಕೊಂಡಿದ್ದೇನೆ. ಮೊದಲ ವಾರ ಚೇತರಿಕೆ, ಎರಡನೆಯ ವಾರ ಮತ್ತೆ ಜ್ವರ, ಎಕ್ಸ್‌ರೇಯಲ್ಲಿ ಹೊಸ ಬಿಳಿ ಮಚ್ಚೆ, ಬಿ.ಪಿ. ಇಳಿತ. ಮನೆಯವರಿಗೆ ಆಸ್ಪತ್ರೆಯವರು ಏನೋ ಮುಚ್ಚಿಡುತ್ತಿದ್ದಾರೆ ಎನಿಸುತ್ತದೆ. ಹೆಚ್ಚಿನ ಸಲ ಮುಚ್ಚಿಡುವುದೇನೂ ಇರುವುದಿಲ್ಲ, ಬಿಡಿಸಿ ಹೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಆಗುವುದು ಇಷ್ಟು. ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ರೋಮಗಳಿವೆ. ಹಗಲೂ ರಾತ್ರಿ ಅವು ಕಫವನ್ನು, ಅದರಲ್ಲಿ ಸಿಕ್ಕಿಕೊಂಡ ಧೂಳನ್ನು, ರೋಗಾಣುಗಳನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತವೆ. ಇನ್‌ಫ್ಲುಯೆಂಜಾ ವೈರಸ್ ಆ ರೋಮವಿರುವ ಜೀವಕೋಶಗಳನ್ನೇ ಕೊಂದು ಉದುರಿಸುತ್ತದೆ. ಕಫ ನಿಂತಲ್ಲೇ ನಿಲ್ಲುತ್ತದೆ. ವೈರಸ್ಸಿನ ವಿರುದ್ಧ ಮೈ ತಾನೇ ಹೊರಡಿಸುವ ಇಂಟರ್‌ಫೆರಾನ್ ಬ್ಯಾಕ್ಟೀರಿಯಾವನ್ನು ನುಂಗುವ ಬಿಳಿ ರಕ್ತಕಣಗಳು ಅಲ್ಲಿಗೆ ಬರುವುದನ್ನು ಒಂದಿಷ್ಟು ತಡೆಯುತ್ತದೆ. ಒಬ್ಬ ಶತ್ರುವನ್ನು ಎದುರಿಸುವಾಗ ಇನ್ನೊಂದು ಬಾಗಿಲು ತೆರೆದೇ ಉಳಿಯುತ್ತದೆ. ಅದರ ಮೇಲೆ ವೆಂಟಿಲೇಟರಿಗೆ ಜೋಡಿಸಲು ಬಾಯಿಯಿಂದ ಶ್ವಾಸನಾಳಕ್ಕೆ ಇಳಿಸಿದ ಟ್ಯೂಬು. ಟ್ಯೂಬಿದ್ದರೆ ಕೆಮ್ಮಿ ಕಫ ಹೊರಹಾಕುವುದು ಆಗುವುದಿಲ್ಲ. ಟ್ಯೂಬಿನ ಸುತ್ತ ಗಾಳಿ ತುಂಬಿದ ಪುಟ್ಟ ಬಲೂನಿನ ಮೇಲ್ಗಡೆ ಜೊಲ್ಲು ಶೇಖರವಾಗಿ ಸಂದಿಯಿಂದ ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತದೆ. ಟ್ಯೂಬಿನ ಒಳಮೈಯಲ್ಲಿ ರೋಗಾಣುಗಳು ಲೋಳೆಯ ಪದರ ಕಟ್ಟಿಕೊಂಡು ಕೂರುತ್ತವೆ, ಆ ಪದರದೊಳಕ್ಕೆ ಔಷಧಿ ಸರಿಯಾಗಿ ತಲುಪುವುದಿಲ್ಲ. ರೋಗಿಗೆ ಮಂಪರಿನ ಔಷಧಿ ನಡೆಯುತ್ತಿರುತ್ತದೆ. ಕೋವಿಡ್ ಆದರೆ ಸ್ಟೀರಾಯ್ಡ್ ಕೂಡ ಇರುತ್ತದೆ. ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳ ಜೀವ ಉಳಿಸುತ್ತದೆ ಎಂದು 2020ರಲ್ಲೇ ಗೊತ್ತಾದ ಡೆಕ್ಸಾಮೆಥಾಸೋನ್ ಸೋಂಕು ತಡೆಯುವ ಶಕ್ತಿಯನ್ನೂ ತಗ್ಗಿಸುತ್ತದೆ. ವೆಂಟಿಲೇಟರಿಗೆ ಹಾಕಿ 48 ಗಂಟೆ ಕಳೆದ ಮೇಲೆ ಬರುವ ನ್ಯುಮೋನಿಯಾವನ್ನು ವೆಂಟಿಲೇಟರ್ ನ್ಯುಮೋನಿಯಾ ಎಂದೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಇದು ಕೋವಿಡ್ ತಂದ ಹೊಸ ಕಾಟವಲ್ಲ. 1918ರ ಫ್ಲೂ ಮಹಾಜ್ವರದಲ್ಲಿ ಸತ್ತವರ ಶ್ವಾಸಕೋಶದ ತುಣುಕುಗಳನ್ನು ಕಾಪಾಡಿಟ್ಟಿದ್ದರು. ಅವನ್ನೂ ಆ ಕಾಲದ ಮರಣೋತ್ತರ ಪರೀಕ್ಷೆಯ ವರದಿಗಳನ್ನೂ 2008ರಲ್ಲಿ ಅಮೆರಿಕದ ವಿಜ್ಞಾನಿಗಳು ಮತ್ತೆ ನೋಡಿದಾಗ, ಹೆಚ್ಚಿನವರನ್ನು ಕೊನೆಗೆ ಕೊಂದದ್ದು ವೈರಸ್ಸಿನ ಬೆನ್ನಿಗೇ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ ಎಂಬ ತೀರ್ಮಾನಕ್ಕೆ ಬಂದರು. ಆಗ ಆಂಟಿಬಯೋಟಿಕ್ ಇರಲಿಲ್ಲ. ಈಗ ಇದೆ, ಬೇಕಾದ್ದಕ್ಕಿಂತ ಹೆಚ್ಚೇ ಇದೆ, ಹಾಗಾಗಿ ತೊಂದರೆಯ ರೂಪ ಬದಲಾಗಿದೆ.

ನಮ್ಮ ದೇಶದ್ದೇ ಲೆಕ್ಕ ಹೇಳುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜಾಲದ 10 ಆಸ್ಪತ್ರೆಗಳಲ್ಲಿ 2020ರ ಜೂನ್‌ನಿಂದ ಆಗಸ್ಟ್ ತನಕ ದಾಖಲಾದ 17,534 ಕೋವಿಡ್ ರೋಗಿಗಳ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಕೋವಿಡ್ ಮೇಲೆ ಬೇರೆ ರೋಗಾಣುವಿನಿಂದ ಎರಡನೆಯ ಸೋಂಕು ತಗಲಿದ್ದು ಶೇ. 3.6 ಮಂದಿಗೆ. ಇಷ್ಟೇಯಾ ಎನಿಸುತ್ತದೆ. ಆದರೆ ಒಟ್ಟು ರೋಗಿಗಳಲ್ಲಿ ಸತ್ತವರು ಶೇ. 10.6 ಆಗಿದ್ದರೆ, ಈ ಎರಡನೆಯ ಸೋಂಕಿನವರಲ್ಲಿ ಸತ್ತವರು ಶೇ. 56.7. ಮೊದಲೇ ತೀರಾ ಸೋತವರಿಗೇ ಇಂಥ ಸೋಂಕು ಹತ್ತುವುದು ಹೆಚ್ಚು, ಆದ್ದರಿಂದ ಅಷ್ಟೂ ಸಾವನ್ನು ಬ್ಯಾಕ್ಟೀರಿಯಾದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಅಂತರ ಸಣ್ಣದಲ್ಲ. ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಕ್ಲೆಬ್ಸಿಯೆಲ್ಲಾ, ಅದರ ಹಿಂದೆ ಅಸಿನೆಟೋಬ್ಯಾಕ್ಟರ್. ಎರಡೂ ಆಸ್ಪತ್ರೆಯಲ್ಲಿ ಮನೆ ಮಾಡಿಕೊಂಡ ರೋಗಾಣುಗಳೇ. 2023ರಲ್ಲಿ ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ವೆಂಟಿಲೇಟರಿನಲ್ಲಿದ್ದ 585 ರೋಗಿಗಳ ದಾಖಲೆ ಬಗೆದು ನೋಡಿದರು. ಅವರಲ್ಲಿ ಕೋವಿಡ್ ಇದ್ದವರ ಪೈಕಿ ಸುಮಾರು ಅರ್ಧದಷ್ಟು ಜನರಿಗೆ ವೆಂಟಿಲೇಟರ್ ನ್ಯುಮೋನಿಯಾ ಬಂದಿತ್ತು, ಆ ನ್ಯುಮೋನಿಯಾ ವಾಸಿಯಾಗದೆ ಉಳಿದವರಲ್ಲಿ ಸಾವು ಹೆಚ್ಚಿತ್ತು.

ಹಾಗಾದರೆ ಎಲ್ಲರಿಗೂ ಮೊದಲೇ ಆಂಟಿಬಯೋಟಿಕ್ ಕೊಟ್ಟುಬಿಟ್ಟರಾಯಿತಲ್ಲ? ಕೊಳೆರೋಗ ಬರುವ ಮೊದಲೇ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ಕಡೆಯವರಿಗೆ ಇದು ಬಹಳ ಸರಿಯೆನಿಸುವ ಉಪಾಯ. ಶ್ವಾಸಕೋಶದಲ್ಲಿ ಇದು ತಿರುಗಿಬೀಳುತ್ತದೆ. ಔಷಧಿಗೆ ಸಾಯುವ ರೋಗಾಣುಗಳೆಲ್ಲ ಸತ್ತು, ಸಾಯದವು ಮಾತ್ರ ಟ್ಯೂಬಿನಲ್ಲಿ ಬೆಳೆಯುತ್ತವೆ. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ ಬ್ಯಾಕ್ಟೀರಿಯಾ ಸೋಂಕು ಇದ್ದು ಆಂಟಿಬಯೋಟಿಕ್ ಬೇಕಾಗಿದ್ದವರು ಶೇ. 8 ಮಾತ್ರ, ಆದರೆ ಅದನ್ನು ಪಡೆದವರು ನಾಲ್ವರಲ್ಲಿ ಮೂವರು ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿತು. ಅಜಿಥ್ರೋಮೈಸಿನ್ ಗುಳಿಗೆ ಆಗ ನಮ್ಮೂರಿನ ಪ್ರತಿ ಮನೆಯ ಡ್ರಾಯರಿನಲ್ಲೂ ಇತ್ತು!

ಇಲ್ಲಿ ಒಂದು ವ್ಯತ್ಯಾಸವನ್ನು ಮರೆಯಬಾರದು. ಫ್ಲೂ ಜೋರಾಗಿ ಬಂದು ನೇರವಾಗಿ ಐಸಿಯುಗೆ ಬಿದ್ದವರಲ್ಲಿ ಕೆಲವರು ಮನೆಯಿಂದಲೇ ಬ್ಯಾಕ್ಟೀರಿಯಾ ಹೊತ್ತು ತಂದಿರುತ್ತಾರೆ, ನ್ಯುಮೋಕಾಕಸ್ ಅಥವಾ ಸ್ಟಾಫಿಲೋಕಾಕಸ್. ಅವರಿಗೆ ಮೊದಲ ಗಂಟೆಗಳಲ್ಲೇ ಔಷಧಿ ಬೇಕು, ಲ್ಯಾಬಿನ ಉತ್ತರಕ್ಕೆ ಕಾಯುವಂತಿಲ್ಲ. ಎರಡನೆಯ ವಾರದಲ್ಲಿ ಬರುವವು ಬೇರೆ ಜಾತಿಯವು. ಅವು ವಾರ್ಡಿನಲ್ಲೇ ಇರುತ್ತವೆ: ಮಂಚದ ಸರಳಿನಲ್ಲಿ, ಮಾನಿಟರಿನ ಗುಂಡಿಯಲ್ಲಿ, ಸಕ್ಷನ್ ಬಾಟಲಿಯಲ್ಲಿ, ನಮ್ಮ ಮೊಬೈಲಿನಲ್ಲಿ. ಅಸಿನೆಟೋಬ್ಯಾಕ್ಟರ್ ಒಣ ಜಾಗದಲ್ಲೂ ವಾರಗಟ್ಟಲೆ ಬದುಕಿರುತ್ತದೆ. ಮೊದಲ ಜಾತಿಗೆ ಕೊಡುವ ಔಷಧಿ ಎರಡನೆಯದಕ್ಕೆ ಹೆಚ್ಚಾಗಿ ನಾಟುವುದಿಲ್ಲ. ಯಾವುದು ಎಂದು ಸರಿಯಾಗಿ ಹೇಳುವುದು ಕಲ್ಚರ್.

ಕಲ್ಚರ್ ಎಂದರೆ ಕಾಯುವ ಕೆಲಸ. ಟ್ಯೂಬಿನಿಂದ ಎಳೆದ ಕಫ ಎರಡು ಗಂಟೆಯೊಳಗೆ ಲ್ಯಾಬಿಗೆ ಬರಬೇಕು, ಇಲ್ಲವಾದರೆ ಫ್ರಿಜ್ಜಿನಲ್ಲಿಡಬೇಕು. ಗ್ರಾಂ ಸ್ಟೇನ್, ಅಂದರೆ ಕಫಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ, ಮಾಡಿದರೆ ಒಂದು ಗಂಟೆಯೊಳಗೆ ಅರ್ಧ ಸುದ್ದಿ ಸಿಗುತ್ತದೆ, ಈ ಅರ್ಧ ಸುದ್ದಿಯನ್ನು ಫೋನು ಮಾಡಿ ಹೇಳುವ ಲ್ಯಾಬುಗಳು ಕಡಿಮೆ. ಪ್ಲೇಟಿನಲ್ಲಿ ಬೆಳೆಯಲು 18ರಿಂದ 24 ಗಂಟೆ, ಯಾವ ಔಷಧಿ ನಾಟುತ್ತದೆ ಎಂದು ತಿಳಿಯಲು ಇನ್ನೊಂದು ದಿನ. ಬೆಳೆದದ್ದೆಲ್ಲ ಕಾಯಿಲೆಯಲ್ಲ ಎಂಬುದೂ ಇದೆ. ಟ್ಯೂಬಿನಲ್ಲಿ ಸುಮ್ಮನೆ ಕೂತಿರುವ ರೋಗಾಣುವನ್ನು ನೋಡಿ ಔಷಧಿ ಹಾಕುವುದೂ ತಪ್ಪು, ಅದನ್ನು ರೋಗಿಯ ಬಳಿ ನಿಂತ ಡಾಕ್ಟರೇ ತೀರ್ಮಾನಿಸಬೇಕು. ಆಂಟಿಬಯೋಟಿಕ್ ಒಂದೆರಡು ಡೋಸ್ ಹೋದ ಮೇಲೆ ಕಫ ತೆಗೆದರೆ ಅನೇಕ ಸಲ ಏನೂ ಬೆಳೆಯುವುದಿಲ್ಲ. ರಿಪೋರ್ಟಿನಲ್ಲಿ ‘ಬೆಳವಣಿಗೆಯಿಲ್ಲ’ ಎಂದಿರುತ್ತದೆ, ರೋಗಿ ಮಾತ್ರ ಜ್ವರದಲ್ಲಿ ಸುಡುತ್ತಿರುತ್ತಾನೆ. ಬೇರೆಲ್ಲ ಔಷಧಿ ಸೋತಾಗ ಕೊಡುವ ಕೊಲಿಸ್ಟಿನ್ ವಿಷಯ ಇನ್ನೂ ಕಷ್ಟದ್ದು. ಅದಕ್ಕೆ ಕಾಗದದ ಡಿಸ್ಕ್ ಇಟ್ಟು ನೋಡಿದ ಫಲಿತಾಂಶವನ್ನು ನಂಬುವಂತಿಲ್ಲ, ದ್ರವದಲ್ಲಿ ಹಂತ ಹಂತವಾಗಿ ಬೆರೆಸಿ ನೋಡುವ ವಿಧಾನ ಬೇಕು. ಸಣ್ಣ ಲ್ಯಾಬುಗಳಲ್ಲಿ ಅದು ನಡೆಯುವುದಿಲ್ಲ. ಇನ್ನು ಭಾನುವಾರ. ಶನಿವಾರ ಸಂಜೆ ತೆಗೆದ ಕಫದ ಪ್ಲೇಟನ್ನು ಸೋಮವಾರ ಬೆಳಿಗ್ಗೆ ನೋಡುವ ಪದ್ಧತಿಯನ್ನು ನಾನು ಕಂಡಿದ್ದೇನೆ. ರೋಗಾಣು ರಜೆ ಹಾಕುವುದಿಲ್ಲ.

ಈಗ ಗಡಿಯ ವಿಷಯಕ್ಕೆ ಬರುತ್ತೇನೆ.

ಭಾವನಿಗೆ ಮಳೆಗಾಲದಲ್ಲಿ ಎಚ್1ಎನ್1 ಫ್ಲೂ ಬಂತು. ಗಡಿಯ ಈ ಕಡೆಯ ಒಂದು ಆಸ್ಪತ್ರೆಯಲ್ಲಿ ಟ್ಯೂಬು ಹಾಕಿದರು. ವೈರಸ್ಸಿನ ಜ್ವರ ಇಳಿಯಿತು, ಅಕ್ಕ ದೇವರಿಗೆ ಹರಕೆ ಹೇಳಿಯೂ ಆಗಿತ್ತು. ಆಮೇಲೆ ಜ್ವರ ತಿರುಗಿ ಬಂತು. ಅಲ್ಲಿಯ ಡಾಕ್ಟರು ತಪ್ಪು ಮಾಡಲಿಲ್ಲ: ಔಷಧಿ ಬದಲಿಸುವ ಮೊದಲೇ ಟ್ಯೂಬಿನಿಂದ ಕಫ ತೆಗೆದು ಕಲ್ಚರಿಗೆ ಕಳಿಸಿದರು. ಅದೇ ಸಂಜೆ ಆಮ್ಲಜನಕ ಇಳಿಯತೊಡಗಿ ಗಡಿಯ ಆ ಕಡೆಯ ದೊಡ್ಡ ಆಸ್ಪತ್ರೆಗೆ ರೆಫರ್ ಮಾಡಿದರು. ಆಂಬ್ಯುಲೆನ್ಸಿನಲ್ಲಿ ಹೋದ ರೆಫರೆನ್ಸ್ ಚೀಟಿಯಲ್ಲಿ ರೋಗದ ಹೆಸರು, ಬಿ.ಪಿ., ‘ಹಯರ್ ಆಂಟಿಬಯೋಟಿಕ್ ಕೊಡಲಾಗಿದೆ’ ಎಂಬ ಒಂದು ಸಾಲು ಇತ್ತು. ಯಾವುದು, ಯಾವಾಗಿನಿಂದ, ಕಲ್ಚರ್ ಹೋಗಿದೆಯೇ? ಒಂದೂ ಇಲ್ಲ. ಆ ಕಡೆಯವರು ತಾವೂ ಕಫ ತೆಗೆದರು. ಅಷ್ಟರಲ್ಲಿ ಬಲವಾದ ಔಷಧಿ ಮೈಯಲ್ಲಿದ್ದುದರಿಂದ ಏನೂ ಬೆಳೆಯಲಿಲ್ಲ. ಊಹೆಯ ಮೇಲೆ ಕೊಲಿಸ್ಟಿನ್ ಶುರುವಾಯಿತು. ಈ ಕಡೆಯ ಲ್ಯಾಬಿನಲ್ಲಿ ರಿಪೋರ್ಟು ತಯಾರಾಗಿ ಕೌಂಟರಿನ ಟ್ರೇಯಲ್ಲಿ ಬಿದ್ದುಕೊಂಡಿತ್ತು: ಕ್ಲೆಬ್ಸಿಯೆಲ್ಲಾ, ಅದೂ ಕೊಲಿಸ್ಟಿನ್‌ಗಿಂತ ಎಷ್ಟೋ ಸೌಮ್ಯವಾದ ಔಷಧಿಗೆ ಬಗ್ಗುವಂಥದ್ದು. ಲ್ಯಾಬಿನ ಬುದ್ಧಿ ನನಗಿದ್ದುದರಿಂದ ಅಳಿಯನನ್ನು ಓಡಿಸಿ ಅದನ್ನು ತರಿಸಿದೆ. ಅವನು ಮೊಬೈಲಿನಲ್ಲಿ ಫೋಟೋ ತೆಗೆದು ಆ ಕಡೆಯ ಡಾಕ್ಟರಿಗೆ ತೋರಿಸಿದ, ಅವರು ಅಂದೇ ಔಷಧಿ ಬದಲಿಸಿದರು. ಭಾವ ಬದುಕಿದರು. ಆದರೆ ಅವರ ಮೂತ್ರಪಿಂಡ ಸೋತಿತು, ಅದು ಕಾಯಿಲೆಯಿಂದಲೋ ಕೊಲಿಸ್ಟಿನ್‌ನಿಂದಲೋ ಯಾರೂ ಖಂಡಿತವಾಗಿ ಹೇಳಲಾರರು. ಮನೆಯಲ್ಲಿ ಲ್ಯಾಬಿನವಳು ಇಲ್ಲದ ರೋಗಿಗಳ ಕಾಗದಗಳು ಈಗಲೂ ಎಷ್ಟು ಟ್ರೇಗಳಲ್ಲಿ ಬಿದ್ದಿವೆಯೋ.

ನೀವಿಬ್ಬರೂ ಒಂದು ಕಾಗದದ ಬಗ್ಗೆ ಒಪ್ಪಲು ಸಾಧ್ಯವೇ ಎಂದು ಯಾರಾದರೂ ಅನುಮಾನ ಪಟ್ಟರೆ ಅವರಿಗೆ 2020 ನೆನಪಿಸುತ್ತೇನೆ. ಆ ವರ್ಷದ ಮಾರ್ಚ್‌ನಲ್ಲಿ ಕರ್ನಾಟಕ ಗಡಿಯ ರಸ್ತೆಗಳನ್ನು ಮಣ್ಣು ಸುರಿದು ಮುಚ್ಚಿತು, ಮಂಗಳೂರಿಗೆ ಹೋಗಲಾಗದೆ ನಮ್ಮ ಕಡೆಯ ರೋಗಿಗಳು ಸತ್ತರು. ಕೇರಳ ಹೈಕೋರ್ಟಿನಿಂದ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಮೊದಲ ವಾರ ಕಳೆಯುವಷ್ಟರಲ್ಲಿ, ತುರ್ತು ರೋಗಿಗಳನ್ನು ತಲಪಾಡಿಯಲ್ಲಿ ಹೇಗೆ ಬಿಡಬೇಕು ಎಂಬ ಕ್ರಮಕ್ಕೆ ಎರಡೂ ಸರ್ಕಾರಗಳು ಒಪ್ಪಿದ್ದವು. ಜಗಳದ ನಡುವೆಯೇ ಅಷ್ಟು ಬೇಗ ಆದದ್ದು ಜಗಳವಿಲ್ಲದ ಈ ಕಾಲದಲ್ಲಿ ಯಾಕಾಗಬಾರದು?

ನಾನು ಕೇಳುವುದು ರೆಫರೆನ್ಸ್ ಚೀಟಿಯ ಜೊತೆ ಒಂದೇ ಒಂದು ಹಾಳೆ, ಎರಡೂ ರಾಜ್ಯದ ಸರ್ಕಾರಿ, ಖಾಸಗಿ ಆಸ್ಪತ್ರೆಗಳಿಗೆ ಒಂದೇ ನಮೂನೆ. ಟ್ಯೂಬು, ಕ್ಯಾತಿಟರ್, ಕತ್ತಿನ ಲೈನು ಯಾವ ದಿನ ಹಾಕಿದ್ದು. ಯಾವ ಆಂಟಿಬಯೋಟಿಕ್, ಎಷ್ಟು ಡೋಸ್, ಯಾವ ದಿನದಿಂದ. ಯಾವ ಕಲ್ಚರ್ ಹೋಗಿದೆ, ಮೊದಲ ಡೋಸಿನ ಮುಂಚೆಯೋ ಆಮೇಲೋ, ಬಂದಿದ್ದರೆ ಫಲಿತಾಂಶ, ಬಾರದಿದ್ದರೆ ಆ ಲ್ಯಾಬಿನ ಫೋನು. ಫಲಿತಾಂಶ ಬಂದಾಗ ಅದನ್ನು ರೋಗಿ ಈಗಿರುವ ಕಡೆಗೆ ತಿಳಿಸುವ ಹೊಣೆ ಲ್ಯಾಬಿನದ್ದು, ಮನೆಯವರದ್ದಲ್ಲ ಎಂದು ಆದೇಶದಲ್ಲಿ ಬರೆಯಿರಿ. ಈ ಕೊನೆಯ ವಾಕ್ಯವಿಲ್ಲದಿದ್ದರೆ ಉಳಿದದ್ದೆಲ್ಲ ಬರಿ ಹಾಳೆಯಾಗಿ ಉಳಿಯುತ್ತದೆ. ಸರ್ಕಾರಿ ನಮೂನೆಗಳನ್ನು ತುಂಬಿಸಿಯೇ ನನ್ನ ನೌಕರಿ ಮುಗಿದದ್ದು, ಅವುಗಳ ಗತಿ ನನಗೆ ಗೊತ್ತು.

ಕೇರಳದ ಸಚಿವರಿಗೆ ಪ್ರತ್ಯೇಕವಾಗಿ ಒಂದು ಮಾತು. ಆಂಟಿಬಯೋಟಿಕ್ ಹತೋಟಿಯಲ್ಲಿ ನಿಮ್ಮ ರಾಜ್ಯ ಮುಂದಿದೆ. 2018ರಲ್ಲೇ ಕ್ರಿಯಾಯೋಜನೆ ತಂದಿರಿ, ಯಾವ ರೋಗಾಣುವಿಗೆ ಯಾವ ಔಷಧಿ ನಾಟುತ್ತಿದೆ ಎಂಬ ರಾಜ್ಯದ ಪಟ್ಟಿಯನ್ನು ಹೊರತರುತ್ತಿದ್ದೀರಿ, 2024ರಲ್ಲಿ ಆಪರೇಷನ್ ಅಮೃತ್ ಎಂದು ಮೆಡಿಕಲ್ ಶಾಪುಗಳ ಮೇಲೆ ಕಣ್ಣಿಟ್ಟಿರಿ. ಆದರೆ ನಮ್ಮ ಜಿಲ್ಲೆಯ ಜೋರು ಕಾಯಿಲೆಯವರು ಮಂಗಳೂರಿನಲ್ಲಿ ಮಲಗುತ್ತಾರೆ, ಅಲ್ಲಿಯ ರೋಗಾಣುಗಳೊಂದಿಗೆ ವಾಪಸು ಬರುತ್ತಾರೆ. ನಿಮ್ಮ ಪಟ್ಟಿಯಲ್ಲಿ ಅವುಗಳ ಲೆಕ್ಕ ಎಲ್ಲಿದೆ? ದಕ್ಷಿಣ ಕನ್ನಡದ ಆಸ್ಪತ್ರೆಗಳ ಪಟ್ಟಿಯೂ ಕಾಸರಗೋಡಿನ ಪಟ್ಟಿಯೂ ಒಂದೇ ಮೇಜಿನ ಮೇಲೆ ಬಾರದೆ ಎರಡರಲ್ಲಿ ಯಾವುದೂ ನಮಗೆ ಪೂರ್ತಿ ಉಪಯೋಗಕ್ಕೆ ಬಾರದು.

ಇನ್ನೊಂದು, ಉಕ್ಕಿನಡ್ಕ. ಅಲ್ಲಿ 2013ರಲ್ಲಿ ಶಿಲಾನ್ಯಾಸವಾದ ನಮ್ಮ ಜಿಲ್ಲೆಯ ಮೆಡಿಕಲ್ ಕಾಲೇಜಿಗೆ 50 ಎಂಬಿಬಿಎಸ್ ಸೀಟು ಮಂಜೂರಾದದ್ದು 2025ರಲ್ಲಿ. ತಡವಾದುದರ ಬಗ್ಗೆ ಈ ಜಿಲ್ಲೆಯವರು ಸಾಕಷ್ಟು ಹೇಳಿದ್ದಾರೆ, ನಾನು ಸೇರಿಸುವುದಿಲ್ಲ. ವಿದ್ಯಾರ್ಥಿಗಳು ಎರಡನೆಯ ವರ್ಷಕ್ಕೆ ಬರುವಾಗ ಮೈಕ್ರೋಬಯಾಲಜಿ ವಿಭಾಗ ಇರಲೇಬೇಕು. ಅದನ್ನು ಪಾಠಕ್ಕೆ ಮಾತ್ರ ಕಟ್ಟಬೇಡಿ. ಇಡೀ ಜಿಲ್ಲೆಯ ಐಸಿಯುಗಳ ಕಫ, ರಕ್ತ ನೋಡುವ, ಭಾನುವಾರವೂ ಬಾಗಿಲು ತೆರೆಯುವ, ಕೊಲಿಸ್ಟಿನ್ ಪರೀಕ್ಷೆ ಸರಿಯಾಗಿ ಮಾಡಬಲ್ಲ ಲ್ಯಾಬಾಗಿ ಕಟ್ಟಿ. ತೆಕ್ಕಿಲ್‌ನಲ್ಲಿ ಟಾಟಾದವರ ಕೋವಿಡ್ ಆಸ್ಪತ್ರೆ 2020ರಲ್ಲಿ ಕೆಲವೇ ತಿಂಗಳಲ್ಲಿ ಎದ್ದದ್ದನ್ನು ನೋಡಿದ ಜಿಲ್ಲೆ ಇದು, ಕಟ್ಟಡಕ್ಕೆ ಕಾಲ ಬೇಕು ಎಂದರೆ ನಾವು ನಂಬುವುದಿಲ್ಲ. ಕಾಲ ಬೇಕಾಗುವುದು ಜನಕ್ಕೆ. ಪ್ಲೇಟು ನೋಡಿ ಹೇಳಬಲ್ಲವರನ್ನು ಈಗಲೇ ನೇಮಿಸಿ.

ಸೋಂಕು ಬಾರದಂತೆ ತಡೆಯುವುದು ಇದೆಲ್ಲಕ್ಕಿಂತ ಅಗ್ಗ, ಅದು ನರ್ಸುಗಳ ಕೈಯಲ್ಲಿದೆ. ಮಂಚದ ತಲೆಭಾಗ 30ರಿಂದ 45 ಡಿಗ್ರಿ ಎತ್ತರಿಸುವುದು, ಮಂಪರು ದಿನವೂ ಇಳಿಸಿ ಟ್ಯೂಬು ತೆಗೆಯಬಹುದೇ ಎಂದು ನೋಡುವುದು, ಒಬ್ಬ ರೋಗಿಯಿಂದ ಇನ್ನೊಬ್ಬನ ಬಳಿ ಹೋಗುವಾಗ ಕೈ ತೊಳೆಯುವುದು. ಹಲ್ಲುಜ್ಜುವುದು ಕೂಡ! ಟೂತ್‌ಬ್ರಷ್‌ನಿಂದ ರೋಗಿಯ ಹಲ್ಲುಜ್ಜಿರಿ, ಕ್ಲೋರ್‌ಹೆಕ್ಸಿಡಿನ್ ಬೇಡ ಎಂದು 2022ರ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಟ್ಯೂಬು ಹಾಕಿದವನ ಬಾಯಲ್ಲಿ ಬ್ರಷ್ ಆಡಿಸಲು ಹೊತ್ತು ಹಿಡಿಯುತ್ತದೆ. ಪಾಳಿಗೆ ಒಬ್ಬ ಸಿಸ್ಟರ್ ಮೂರು ವೆಂಟಿಲೇಟರ್ ನೋಡಿಕೊಳ್ಳುವಲ್ಲಿ ಅದು ಬಿಟ್ಟುಹೋಗುತ್ತದೆ, ಕೈ ತೊಳೆಯುವುದೂ ಬಿಟ್ಟುಹೋಗುತ್ತದೆ. ಲೋಕಕ್ಕೆಲ್ಲ ನರ್ಸುಗಳನ್ನು ಕಳಿಸುವ ಕೇರಳಕ್ಕೆ, ಅವರಿಗೆ ಪಾಠ ಹೇಳುವ ಕಾಲೇಜುಗಳಿಂದ ತುಂಬಿದ ಮಂಗಳೂರಿಗೆ, ವೆಂಟಿಲೇಟರ್ ರೋಗಿಗೊಬ್ಬ ನರ್ಸ್ ಎಂಬ ಲೆಕ್ಕವನ್ನು ನಾನು ಕಲಿಸಬೇಕಾಗಿಲ್ಲ. ಹೊಸ ವೆಂಟಿಲೇಟರಿಗೆ ರಿಬ್ಬನ್ ಕತ್ತರಿಸುವಾಗ ಅದರ ಪಕ್ಕದಲ್ಲಿ ನಿಲ್ಲುವವರ ಹುದ್ದೆಯ ಆದೇಶವನ್ನೂ ಓದಿ.

ಸಾವಿರ ವೆಂಟಿಲೇಟರ್ ದಿನಗಳಿಗೆ (ಒಬ್ಬ ರೋಗಿ ಒಂದು ದಿನ ವೆಂಟಿಲೇಟರಿನಲ್ಲಿದ್ದರೆ ಅದು ಒಂದು) ಎಷ್ಟು ನ್ಯುಮೋನಿಯಾ ಎಂಬ ಲೆಕ್ಕವನ್ನು ಪ್ರತಿ ಐಸಿಯು ಇಡಬೇಕೆಂಬುದು ಒಳ್ಳೆಯ ಸಲಹೆಯೇ. ಆದರೆ ಹೆಚ್ಚು ಬಂದವರಿಗೆ ನೋಟಿಸು ಕೊಡಲು ಹೊರಟರೆ ಮುಂದಿನ ತಿಂಗಳಿಂದ ಎಲ್ಲ ಕಡೆಯೂ ಸೊನ್ನೆ ಬರುತ್ತದೆ. ಕಲ್ಚರ್ ಕಳಿಸದಿದ್ದರೆ ಸೋಂಕು ಸಿಗುವುದೇ ಇಲ್ಲವಲ್ಲ!

ಕೊನೆಗೆ ಬೈಸ್ಟ್ಯಾಂಡರುಗಳ ವಿಷಯ. ಐಸಿಯು ಹೊರಗಿನ ಬೆಂಚಿನಲ್ಲಿ ಕೂತವರಿಗೆ ಎರಡನೆಯ ಸೋಂಕು ಎಂದರೇನು, ಒಳಗೆ ಹೋಗುವಾಗ ಕೈ ಯಾಕೆ ತೊಳೆಯಬೇಕು, ಡಿಸ್ಚಾರ್ಜ್ ಆಗುವಾಗ ಯಾವ ಕಾಗದ ಕೇಳಿ ತೆಗೆದುಕೊಳ್ಳಬೇಕು ಎಂದು ಒಂದು ಚೀಟಿಯಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಅಚ್ಚು ಹಾಕಿಸಿ, ಗಡಿಯ ಎರಡೂ ಕಡೆ. ಕಾಸರಗೋಡಿನ ಆಸ್ಪತ್ರೆಯಲ್ಲಿ ಕನ್ನಡ ಮಾತ್ರ ಓದಬಲ್ಲ ಅಜ್ಜಿಯಂದಿರಿದ್ದಾರೆ, ಮಂಗಳೂರಿನ ಆಸ್ಪತ್ರೆಯಲ್ಲಿ ಮಲಯಾಳ ಮಾತ್ರ ಓದಬಲ್ಲ ಉಮ್ಮಂದಿರಿದ್ದಾರೆ. ಕನ್ನಡದ ಚೀಟಿ ಬರೆಯಲು ಜನ ಬೇಕಾದರೆ ನಾನು ಬರುತ್ತೇನೆ, ಸಂಬಳ ಬೇಡ, ಬಸ್ಸಿನ ಖರ್ಚು ಕೊಟ್ಟರೆ ಸಾಕು.

ಮುಂದಿನ ಮಳೆಗಾಲಕ್ಕೆ ಫ್ಲೂ ಮತ್ತೆ ಬರುತ್ತದೆ. ಹಾಳೆಯ ನಮೂನೆ ಮೇ ತಿಂಗಳ ಒಳಗೆ ತಲಪಾಡಿಯ ಎರಡೂ ಕಡೆಯ ಆಸ್ಪತ್ರೆಗಳಿಗೆ ತಲುಪಿದರೆ ಈ ವರ್ಷವೇ ಉಪಯೋಗವಾದೀತು.

ಇಂತಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್,
ಕುಂಬಳೆ ಸೀಮೆ, ಕಾಸರಗೋಡು ಜಿಲ್ಲೆ